ಯಾರೂ ಕೊಳ್ಳದ ಕಂಪ್ಯೂಟರ್

ಜೂನ್ 4

ಅಪ್ಪನಿಗೆ,

ಬಸ್ ನಿಲ್ದಾಣದ ಹಿಂದಿನ ಗೇಮಿಂಗ್ ಸೆಂಟರ್ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಹೇಳಿದವರು ಅದರ ಮಾಲೀಕರೇ. ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದಾರೆ. ಆ ಜಾಗಕ್ಕೆ ಕನ್ನಡಕದ ಅಂಗಡಿ ಬರುತ್ತದಂತೆ.

ಮೊದಲು ಸುದ್ದಿ, ಆಮೇಲೆ ಹೇಳಿದವರು ಯಾರು, ಕೊನೆಗೆ ಅಳು ಎಂದು ನೀವೇ ಕಲಿಸಿದ್ದು. ಪತ್ರಿಕೆಯ ಪ್ರೆಸ್ಸಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವವರ ಮನೆಯಲ್ಲಿ ಬೆಳೆದವಳಿಗೆ ಬೇರೆ ಥರ ಹೇಳಲು ಬರುವುದಿಲ್ಲ. ಅಳುವ ಭಾಗವನ್ನು ಈ ಪತ್ರದಲ್ಲಿ ಬಿಟ್ಟಿದ್ದೇನೆ.

ನೀವು ಆ ಕೇಂದ್ರಕ್ಕೆ ಸೇರಿದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಕುಡಿತ ಬಿಡಿಸುವ ಕಡೆ ಫೋನ್ ಕೊಡುವುದಿಲ್ಲ, ಪತ್ರವನ್ನೂ ಸಲಹೆಗಾರರು ಓದಿಯೇ ಕೊಡುತ್ತಾರೆ ಎಂದು ಅಮ್ಮ ಹೇಳಿದಳು. ಓದಲಿ. ಇದರಲ್ಲಿ ಗುಟ್ಟೇನೂ ಇಲ್ಲ. ನನಗೆ ಬೇಕಾಗಿರುವುದು ಒಂದು ಸಲಹೆ.

ನಮ್ಮ ಐದು ಜನರ ತಂಡ ಅಕ್ಟೋಬರಿನ ಆನ್‌ಲೈನ್ ಗೇಮ್ ಲೀಗಿಗೆ ಹೆಸರು ಕೊಟ್ಟಿದೆ. ಸೆಂಟರ್ ಮುಚ್ಚಿದ ಮೇಲೆ ಎಲ್ಲರೂ ಮನೆಯಿಂದಲೇ ಆಡಬೇಕು. ಸೆಪ್ಟೆಂಬರ್ ಹದಿನೈದರೊಳಗೆ ಸ್ವಂತ ಕಂಪ್ಯೂಟರ್ ಮಾಡಿಕೊಳ್ಳದವರ ಜಾಗಕ್ಕೆ ಬೇರೆಯವರನ್ನು ಹಾಕಿಕೊಳ್ಳುವುದಾಗಿ ಕ್ಯಾಪ್ಟನ್ ಹೇಳಿದ್ದಾಳೆ. ಗುಳಿಗೆ ಪ್ಯಾಕಿಂಗ್ ಕೆಲಸದಲ್ಲಿ ನನಗೆ ಎಷ್ಟು ಬರುತ್ತದೆ ಎಂದು ನಿಮಗೆ ಗೊತ್ತು. ಮನೆಗೆ ಕೊಟ್ಟು ಉಳಿದದ್ದರಲ್ಲಿ ತಿಂಗಳಿಗೆ ಒಂದೋ ಎರಡೋ ಭಾಗ ಕೊಳ್ಳಬಹುದು. ತಪ್ಪು ಭಾಗ ಕೊಂಡರೆ ಇನ್ನೊಮ್ಮೆ ಕೊಳ್ಳುವ ಶಕ್ತಿ ಇಲ್ಲ. ವಿಡಿಯೊದಲ್ಲಿ ಒಬ್ಬ ಏರಿಗೆ ಎಳೆದರೆ ಇನ್ನೊಬ್ಬ ನೀರಿಗೆ ಎಳೆಯುತ್ತಾನೆ. ಕರೆಂಟಿನ ವಿಷಯದಲ್ಲಿ ನೀವು ಯಾವತ್ತೂ ತಪ್ಪು ಹೇಳಿದವರಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಹಳೆಯ ಕ್ಯಾಬಿನೆಟ್ ಇದೆ, ನಾವಿಬ್ಬರೂ ಕೂತು ಜೋಡಿಸಿದ್ದು. ಮೊದಲು ಅದರೊಳಗಿನ ಗ್ರಾಫಿಕ್ಸ್ ಕಾರ್ಡ್ ಹೋಯಿತು. ರಿಪೇರಿಗೆ ಕೊಟ್ಟಿದ್ದೇನೆ ಅಂದಿರಿ. ಆಮೇಲೆ ರ‍್ಯಾಮ್‌ನ ಒಂದು ಪಟ್ಟಿ ಹೋಯಿತು. ಯಾಕೋ ನಿಧಾನ ಆಗಿದೆಯಲ್ಲ ಅಂದೆ. ಧೂಳು ಅಂದಿರಿ. ನಾನು ಬ್ರಷ್ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಧೂಳು ತೆಗೆದೆ. ಕೊನೆಗೆ ಡಬ್ಬವೊಂದು ಉಳಿಯಿತು. ಈಗ ಅದರಲ್ಲಿ ಅಮ್ಮ ಬಟ್ಟೆ ಕ್ಲಿಪ್ಪು, ಶೂ ಪಾಲಿಶ್ ಇಡುತ್ತಾಳೆ.

ಅಮ್ಮನಿಗೆ ವಿಷಯ ಹೇಳಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಳು. ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸದೆಯೇ ಇನ್ನೊಂದು ಮಾತು ಹೇಳಿದಳು. ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ.

"ಸೆಪ್ಟೆಂಬರ್ ಇಪ್ಪತ್ತಕ್ಕೆ ಅವರನ್ನ ಬಿಡ್ತಾರೆ. ಅವರೂ ಕಂಪ್ಯೂಟರೂ ಒಂದೇ ಸೂರಿನ ಕೆಳಗೆ ಬೇಡ. ಯಾವುದು ಬೇಕು ನೀನೇ ನೋಡ್ಕೋ."



ನಿಮ್ಮ ಮಗಳು

*

ಜೂನ್ 15

ಅಳಿಲಿಗೆ,

ನಿನ್ನ ಪತ್ರ ತಲುಪಿತು. ತಂದುಕೊಟ್ಟವರು ಸಲಹೆಗಾರ್ತಿ. ಓದಿದ್ದೇನೆ ಎಂದು ಹೇಳಿಯೇ ಕೊಟ್ಟರು. ಧೂಳಿನ ವಿಷಯ ನನಗೆ ನೆನಪಿದೆಯೇ ಎಂದು ಕೇಳಿದರು. ನೀನು ಬ್ರಷ್ ಹಿಡಿದು ಕೂತಿದ್ದಾಗ ನಾನು ಅಲ್ಲೇ ಪಕ್ಕದಲ್ಲಿ ಪೇಪರ್ ಓದುತ್ತಿದ್ದೆ, ನೆನಪಿದೆ ಅಂದೆ.

ಈ ಕೋಣೆಯಲ್ಲಿ ಆರು ಮಂಚ, ಆರು ಕಬ್ಬಿಣದ ಕಪಾಟು. ಯಾವ ಕಪಾಟಿಗೂ ಬೀಗವಿಲ್ಲ. ಕಿಟಕಿಯಿಂದ ಟಯರ್ ರಿಪೇರಿ ಮಾಡುವ ಶೆಡ್ ಕಾಣುತ್ತದೆ. ನನ್ನ ಪಕ್ಕದ ಮಂಚದವರು ಹಿಂದೆ ಬಸ್ ಕಂಡಕ್ಟರ್. ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಮಾತಾಡಿಸುವಾಗ ಯಾರಾದರೂ ಬಾಯಿ ಬಿಡದಿದ್ದರೆ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ" ಅನ್ನುತ್ತಾರೆ. ನೀರಿನ ಪಂಪು ಆಗಾಗ ನಿಲ್ಲುತ್ತದೆ. ನೋಡುವ ಕೆಲಸ ನನಗೆ ಕೊಟ್ಟಿದ್ದಾರೆ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಕ್ಯಾಬಿನೆಟ್ ಹಳೆಯದೇ ಸಾಕು. ಎಲ್ಲಿ ಬೇಕಾದರೂ ಕೈ ಬಿಗಿ ಹಿಡಿ, ಪವರ್ ಸಪ್ಲೈನಲ್ಲಿ ಮಾತ್ರ ಬೇಡ. ಒಳ್ಳೆಯ ಹೆಸರಿನದು, ಹೊಸದು, ಬಿಲ್ಲಿನ ಜೊತೆ ತಗೋ. ಅದು ಕೆಟ್ಟರೆ ತಾನೊಂದೇ ಸಾಯುವುದಿಲ್ಲ, ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದೆ. ರ‍್ಯಾಮ್ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಡಿಸ್ಕ್ ಹೊಸದೇ ಇರಲಿ, ಚಿಕ್ಕದಾದರೂ ಸರಿ. ಮದರ್‌ಬೋರ್ಡ್‌ಗೆ ಬಣ್ಣಬಣ್ಣದ ದೀಪ ಬೇಡ. ದೀಪಕ್ಕೆ ಕೊಟ್ಟ ದುಡ್ಡು ಆಟಕ್ಕೆ ಬರುವುದಿಲ್ಲ.

ಪ್ರೊಸೆಸರ್ ತಗೊಳ್ಳುವಾಗ, ಚಿತ್ರ ಮೂಡಿಸುವ ಕೆಲಸವನ್ನೂ ತಾನೇ ಮಾಡುವಂಥದ್ದನ್ನು ತಗೋ. ಬೇರೆಯಾಗಿ ಗ್ರಾಫಿಕ್ಸ್ ಕಾರ್ಡ್ ಹಾಕಬೇಡ. ನಮ್ಮ ಮನೆಯ ಆ ಗೋಡೆಯ ವೈರು ಹಳೆಯದು. ಕಾರ್ಡಿನ ಲೋಡು ತಡೆಯುವುದಿಲ್ಲ.

ಅಮ್ಮನ ಮೊಣಕೈ ನೋವು ಹೇಗಿದೆ ಎಂದು ಬರೆ. ಆಸ್ಪತ್ರೆಯಲ್ಲಿ ಒದ್ದೆ ಬೆಡ್‌ಶೀಟಿನ ಬುಟ್ಟಿ ಅವಳೊಬ್ಬಳೇ ಎತ್ತುವುದು ಬೇಡ ಎಂದು ಹೇಳು. ನಾನು ಹೇಳಿದೆ ಎಂದು ಹೇಳಬೇಡ.

ಸೂರಿನ ಬಗ್ಗೆ ಅವಳು ಹೇಳಿದ್ದು ಸರಿಯಾಗಿಯೇ ಇದೆ. ನೀನು ಕೊಳ್ಳುವುದನ್ನು ನಿಲ್ಲಿಸಬೇಡ.

ಅಪ್ಪ

*

ಜುಲೈ 2

ಅಪ್ಪನಿಗೆ,

ಪವರ್ ಸಪ್ಲೈ ಮತ್ತು ಮದರ್‌ಬೋರ್ಡ್ ಬಂದಿವೆ. ಎರಡೂ ಹೊಸವು. ಬಿಲ್ಲನ್ನು ಅಮ್ಮ ಇಟ್ಟುಕೊಂಡಿದ್ದಾಳೆ. ದೀಪ ಇಲ್ಲದ ಬೋರ್ಡ್ ಕೇಳಿದ್ದಕ್ಕೆ ಅಂಗಡಿಯ ಹುಡುಗಿ, ಗೇಮ್ ಆಡೋಕೆ ತಾನೇ ಎಂದು ಎರಡು ಸಲ ಕೇಳಿದಳು. ಅಮ್ಮನ ಮೊಣಕೈ ಹಾಗೇ ಇದೆ. ಬುಟ್ಟಿಯ ವಿಷಯ ಹೇಳಿದೆ. "ಯಾರು ಹೇಳಿಕೊಟ್ಟದ್ದು?" ಅಂದಳು. ನಿಮ್ಮ ಹೆಸರು ಹೇಳಲಿಲ್ಲ.

ಕ್ಯಾಪ್ಟನ್‌ಗೆ ನಿಮ್ಮ ಸಲಹೆ ತೋರಿಸಿದೆ. ಪವರ್ ಸಪ್ಲೈ ಬಗ್ಗೆ ಬರೆದದ್ದನ್ನು ಹೊಗಳಿದಳು. ಕಾರ್ಡ್ ಬೇಡ ಅನ್ನುವ ಸಾಲಿಗೆ ಬಂದಾಗ ನಕ್ಕಳು. ಅಕ್ಕಪಕ್ಕದವರು ನೋಡುವಷ್ಟು ನಕ್ಕಳು. ಕಾರ್ಡ್ ಇಲ್ಲದೆ ಲೀಗಿಗೆ ಬರೋದು ಅಂದ್ರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರಸ್ತೆ ದಾಟಿದ ಹಾಗೆ, ಎದುರಾಳಿ ಮೂಲೆಯಲ್ಲಿ ತಿರುಗಿದ್ದು ನಿನಗೆ ಕಾಣೋ ಹೊತ್ತಿಗೆ ನೀನು ಸತ್ತಿರ್ತೀಯ ಅಂದಳು. ಆಮೇಲೆ ನಗು ಬಿಟ್ಟು, ಕಾರ್ಡ್ ಇಲ್ಲದಿದ್ದರೆ ನಿನ್ನ ಜಾಗ ನಾನು ಇಡಲಾರೆ ಎಂದೂ ಹೇಳಿದಳು.

ಹಾಗಾಗಿ ಲೋಡಿನ ವಿಷಯ ನಾನೇ ನೋಡಿದೆ. ಆ ಗೋಡೆಯ ಪ್ಲಗ್ಗಿನಲ್ಲೇ ಅಮ್ಮ ದಿನವೂ ಇಸ್ತ್ರಿ ಮಾಡುತ್ತಾಳೆ. ಇಸ್ತ್ರಿ ಪೆಟ್ಟಿಗೆ ಎಳೆಯುವ ಕರೆಂಟಿನ ಮುಂದೆ, ನಾನು ಕೊಳ್ಳಬಹುದಾದ ಕಾರ್ಡ್ ಏನೂ ಅಲ್ಲ. ಇಡೀ ಕಂಪ್ಯೂಟರ್ ಸೇರಿದರೂ ಅದರ ಅರ್ಧಕ್ಕೆ ಬರುವುದಿಲ್ಲ. ಆ ವೈರನ್ನು ಎಳೆದದ್ದು ನೀವೇ. ಎಷ್ಟು ತಡೆಯುತ್ತದೆ ಎಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ಕರೆಂಟಿನ ಬಗ್ಗೆಯೂ ಸುಳ್ಳು ಹೇಳಲು ಶುರುಮಾಡಿದಿರಾ?

ಒಂದು ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡಿಟ್ಟಿದ್ದೇನೆ. ಅಂಗಡಿಯವರು ಆಗಸ್ಟ್ ಸಂಬಳದವರೆಗೆ ಎತ್ತಿಡುತ್ತೇನೆ ಅಂದಿದ್ದಾರೆ.

ನಿಮ್ಮ ಮಗಳು

*

ಜುಲೈ 13

ಅಳಿಲಿಗೆ,

ವೈರಿನ ಬಗ್ಗೆ ಬರೆದದ್ದು ಸುಳ್ಳು. ಆ ವೈರು ಎರಡು ಇಸ್ತ್ರಿ ಪೆಟ್ಟಿಗೆಗಳನ್ನು ತಡೆಯುತ್ತದೆ.

ನಿಜವಾದ ಕಾರಣ ಬರೆಯಲು ಎಂಟು ದಿನ ಬೇಕಾಯಿತು. ಕಾರ್ಡ್ ಅಂದರೆ ಒಂದು ಪುಸ್ತಕದಷ್ಟು ದೊಡ್ಡದು. ಶರ್ಟಿನ ಒಳಗೆ ಹಿಡಿಯುತ್ತದೆ. ಎರಡು ಸ್ಕ್ರೂ, ಒಂದು ಕ್ಲಿಪ್ಪು, ಅಷ್ಟೇ. ಪೇಟೆಯಲ್ಲಿ ಇಟ್ಟರೆ ಚಹಾ ಆರುವುದರೊಳಗೆ ಹೋಗುತ್ತದೆ. ಪ್ರೊಸೆಸರ್ ಬಿಚ್ಚುವುದು ರೇಜಿಗೆ. ಅದರ ಮೇಲಿನ ಪೇಸ್ಟು ಕೈಗೆಲ್ಲ ಮೆತ್ತುತ್ತದೆ, ಬೋರ್ಡ್ ಇಲ್ಲದೆ ಪರೀಕ್ಷಿಸಲು ಆಗುವುದಿಲ್ಲ ಎಂದು ಅಂಗಡಿಯವರು ಮೂಗು ಮುರಿಯುತ್ತಾರೆ. ಹಳೆಯ ಪವರ್ ಸಪ್ಲೈಯನ್ನು ಬುದ್ಧಿ ಇದ್ದವನು ಕೊಳ್ಳುವುದಿಲ್ಲ. ಚಿಕ್ಕ ಡಿಸ್ಕಿಗೆ ಬೆಲೆಯಿಲ್ಲ. ಕ್ಯಾಬಿನೆಟ್ ಹೊತ್ತುಕೊಂಡು ಹೋದರೆ ಬೀದಿಯೆಲ್ಲ ನೋಡುತ್ತದೆ.

ನೀನು ಒಳ್ಳೆಯ ಕಂಪ್ಯೂಟರ್ ಹೇಗೆ ಮಾಡುವುದು ಎಂದು ಕೇಳಿದೆ. ನಾನು ಪ್ರತಿ ಭಾಗವನ್ನೂ ಆರಿಸುವಾಗ, ಇದು ನನ್ನ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನೋಡಿ ಆರಿಸಿದೆ. ನಾನು ಮನೆಗೆ ಬಂದರೂ ಆ ಯಂತ್ರ ಉಳಿಯಬೇಕು. ಅದಕ್ಕೆ ಇದ್ದ ದಾರಿ, ಯಾರೂ ಕೊಳ್ಳದಂಥದ್ದನ್ನು ನಿನಗೆ ಕೊಡಿಸುವುದು.

ಇದನ್ನು ಬೆಳಗಿನ ಸಭೆಯಲ್ಲಿ ಹೇಳಿದೆ. ಕಂಡಕ್ಟರ್, "ಬೇಲಿನೇ ಎದ್ದು ಹೊಲ ಮೇಯೋದನ್ನ ಕೇಳಿದ್ದೆ. ತನಗೆ ತಾನೇ ಬೇಲಿ ಹಾಕ್ಕೊಳ್ಳೋ ಎಮ್ಮೆ ಈಗ ನೋಡ್ದೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕ್ಯಾಪ್ಟನ್ ಹೇಳಿದ್ದು ಆಟದ ಮಟ್ಟಿಗೆ ಸರಿ. ಕಾರ್ಡ್ ಬೇಕೇ ಬೇಕು. ನೀನು ನೋಡಿಟ್ಟದ್ದು ಯಾವ ಅಂಗಡಿಯಲ್ಲಿ ಎಂದು ತಿಳಿಸು.

ಅಪ್ಪ

*

ಜುಲೈ 21

ಅಪ್ಪನಿಗೆ,

ಪ್ರೊಸೆಸರ್ ಮತ್ತು ರ‍್ಯಾಮ್ ಬಂದಿವೆ. ಕಾರ್ಡ್ ಇರುವುದು ಮಫ್ಲರ್ ಅಂಗಡಿಯಲ್ಲಿ. ಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿರುತ್ತಾರಲ್ಲ, ಅವರದೇ. ನಮ್ಮ ಹಳೆಯ ಕಾರ್ಡನ್ನು ನೀವು ಮಾರಿದ್ದೂ ಅವರಿಗೇ ಎಂದು ಆಮೇಲೆ ತಿಳಿಯಿತು.

ನಿಮ್ಮ ಪತ್ರಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಹಾಗಾಗಿ ನಾನು ಮಾಡಬೇಕೆಂದಿರುವುದನ್ನು ಬರೆಯುತ್ತೇನೆ. ಕಾರ್ಡ್ ಕೊಳ್ಳುತ್ತೇನೆ. ನೀವು ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಅದನ್ನು ಬಿಚ್ಚಿ ಊಟದ ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬಂದು ಮತ್ತೆ ಕೂಡಿಸುತ್ತೇನೆ. ಅಮ್ಮನಿಗೆ ಹೀಗೆಂದು ಹೇಳಿದೆ. ಆಗ ನೀವೂ ಇರಬಹುದು, ಕಂಪ್ಯೂಟರೂ ಇರಬಹುದು, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಅಂದೆ.

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಹಾವಿನ ಜೊತೆ ಬಾಳೋದು ನನಗೆ ರೂಢಿ. ನೀನೂ ಕಲೀತಿದ್ದೀಯಲ್ಲ, ಅದೇ ನನಗೆ ಸಂಕಟ" ಅಂದಳು.

ನಿಮ್ಮ ಮಗಳು

*

ಆಗಸ್ಟ್ 3

ಅಪ್ಪನಿಗೆ,

ನೀವು ಶುಕ್ರವಾರ ಕೇಂದ್ರದಿಂದ ತಪ್ಪಿಸಿಕೊಂಡಿರಿ. ತಿಳಿಸಿದವರು ಸಲಹೆಗಾರ್ತಿ, ಅಮ್ಮನ ಫೋನಿಗೆ. ಪಂಪಿಗೆ ಕೆಪಾಸಿಟರ್ ತರಲು ವಾರ್ಡನ್ ಜೊತೆ ಪೇಟೆಗೆ ಹೋಗಿದ್ದವರು ಅಂಗಡಿಯಿಂದಲೇ ಕಾಣೆಯಾದಿರಂತೆ. ಸಂಜೆ ನೀವಾಗಿಯೇ ವಾಪಸು ಬಂದಿರಂತೆ. ಕೆಪಾಸಿಟರ್ ಜೇಬಿನಲ್ಲೇ ಇತ್ತಂತೆ. ಊದಿಸಿ ನೋಡಿದ ಯಂತ್ರದಲ್ಲಿ ಏನೂ ಕಾಣಲಿಲ್ಲವಂತೆ. ಆದರೂ ನಿಯಮ ನಿಯಮವೇ, ಬಿಡುಗಡೆಯನ್ನು ಅಕ್ಟೋಬರ್ ಹತ್ತಕ್ಕೆ ಮುಂದೂಡಿದ್ದಾರೆ.

ಅಮ್ಮ ಫೋನ್ ಇಟ್ಟು, ಆಗಲೇ ಮಡಿಸಿಟ್ಟಿದ್ದ ಬಟ್ಟೆಯನ್ನೆಲ್ಲ ಬಿಡಿಸಿ ಮತ್ತೆ ಇಸ್ತ್ರಿ ಮಾಡಿದಳು. ಯಂತ್ರದ ಮಾತನ್ನು ಅವಳು ನಂಬಲಿಲ್ಲ.

ಎಲ್ಲಿಗೆ ಹೋಗಿದ್ದಿರಿ? ಒಂದೇ ಪ್ರಶ್ನೆ. ಒಂದೇ ಸಾಲಿನ ಉತ್ತರ ಸಾಕು.

ನಿಮ್ಮ ಮಗಳು

*

ಆಗಸ್ಟ್ 18

ಅಪ್ಪನಿಗೆ,

ನೀವು ಉತ್ತರ ಬರೆಯಲಿಲ್ಲ. ನೀವು ಹೋದ ಜಾಗ ನನಗೆ ಸಿಕ್ಕಿತು.

ನಿನ್ನೆ ಸಂಬಳ ಬಂತು. ಕೆಲಸ ಮುಗಿಸಿ ನೇರವಾಗಿ ಮಫ್ಲರ್ ಅಂಗಡಿಗೆ ಹೋದೆ. ಕಾರ್ಡ್ ಗಾಜಿನ ಕಪಾಟಿನಲ್ಲಿತ್ತು. ಅದರ ಮೇಲಿನ ಗಾಜಿಗೆ ಒಳಗಿನಿಂದ ಒಂದು ಫೋಟೊ ಅಂಟಿಸಿದ್ದರು. ಅದು ನೀವು. ಕೆಳಗೆ ದಪ್ಪ ಅಕ್ಷರದಲ್ಲಿ ಮುಖಪುಟದ ತಲೆಬರಹದ ಹಾಗೆ ಬರೆದಿತ್ತು: "ಈ ವ್ಯಕ್ತಿಯಿಂದ ಏನನ್ನೂ ಕೊಳ್ಳಬೇಡಿ. ಮಾಲು ಮಗಳದು."

ಅಕ್ಷರ ಯಾರದೆಂದು ನೋಡುವಷ್ಟು ಸಮಾಧಾನ ಇರಲಿಲ್ಲ. ಅಂಗಡಿ ತುಂಬ ಜನ ಇದ್ದರು. ನಮ್ಮಪ್ಪನ ಮಾನ ಹರಾಜು ಹಾಕಲಿಕ್ಕೆ ನೀವ್ಯಾರು, ಅವರು ಕದ್ದು ತಂದದ್ದು ಗೊತ್ತಿದ್ದೂ ಕೊಂಡವರು ನೀವಲ್ಲವಾ ಎಂದು ಕೇಳಿಬಿಟ್ಟೆ. ನಿಮ್ಮ ಪರವಾಗಿ ನಾನು ಬೀದಿಯಲ್ಲಿ ಜಗಳ ಆಡಿದೆ. ಹಾಗೆ ಆಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅವರು ಮಫ್ಲರ್ ಸರಿಮಾಡಿಕೊಂಡರು. "ಕೂತ್ಕೋ ತಾಯಿ. ಅದನ್ನ ಅಂಟಿಸಿದ್ದು ನಾನಲ್ಲ. ಅವರೇ ಬಂದು, ಅಂಟು ನನ್ನ ಹತ್ರ ಇಸ್ಕೊಂಡು ಅಂಟಿಸಿದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಜನ ಹೆಗಲು ಮುಟ್ಟಿ ನೋಡ್ಕೋತಾರೆ. ಇವರು ಕುಂಬಳಕಾಯಿ ಹೊತ್ಕೊಂಡೇ ಬಂದ್ರು."

ಕುಡಿದಿದ್ದರಾ ಎಂದು ಕೇಳಿದೆ. ಇಲ್ಲ ಅಂದರು. ಫೋಟೊ ಸೊಟ್ಟಗಾಯಿತೆಂದು ಒಂದು ಸಲ ಕಿತ್ತು ಮತ್ತೆ ನೆಟ್ಟಗೆ ಅಂಟಿಸಿದರು ಅಂದರು. ಆ ಸಾಲಿನ ಉಳಿದ ಮೂರು ಅಂಗಡಿಗೂ ಹೋದರು, ಅಲ್ಲಿ ಫೋಟೊ ಇಲ್ಲ, ಬರಹ ಮಾತ್ರ ಕೊಟ್ಟು ಮುಖ ತೋರಿಸಿ ಬಂದರು ಅಂದರು.

ಆಗ ಫೋಟೊವನ್ನು ಹತ್ತಿರದಿಂದ ನೋಡಿದೆ. ಕತ್ತರಿಯಲ್ಲಿ ಕತ್ತರಿಸಿದ್ದು. ನಿಮ್ಮ ಹೆಗಲ ಮೇಲೆ ನಾಲ್ಕು ಪುಟ್ಟ ಬೆರಳು ಉಳಿದಿವೆ. ಅವು ನನ್ನವು. ನಾನು ನಿಮ್ಮ ಹಿಂದೆ ಸ್ಟೂಲ್ ಮೇಲೆ ನಿಂತಿದ್ದ ಫೋಟೊ ಅದು.

ಕಾರ್ಡ್ ಕೊಳ್ಳದೆ ಬಂದೆ.

ನಿಮ್ಮ ಮಗಳು

*

ಆಗಸ್ಟ್ 27

ಅಳಿಲಿಗೆ,

ಆ ಶುಕ್ರವಾರ ನಾನು ಹೋದದ್ದು ಆ ನಾಲ್ಕು ಅಂಗಡಿಗಳಿಗೆ. ಇದಕ್ಕೆ ಸಾಕ್ಷಿ ಮಫ್ಲರ್ ಇದ್ದಾರೆ. ಮುಂದಿನದಕ್ಕೆ ಸಾಕ್ಷಿ ಇಲ್ಲ. ಆ ಬೀದಿಯ ಕೊನೆಗೆ ಏನಿದೆ ಎಂದು ನಿನಗೆ ಗೊತ್ತು. ಅದರ ಎದುರು ನಿಂತೆ. ಎಷ್ಟು ಹೊತ್ತು ಎಂದು ತಿಳಿಯದು. ಬಾಗಿಲ ಹತ್ತಿರ ಹೋದೆ, ಒಳಗೆ ಹೋಗಲಿಲ್ಲ. ಇದು ಒಂದೇ ಮೂಲದಿಂದ ಬಂದ ಸುದ್ದಿ. ನಮ್ಮ ಪತ್ರಿಕೆಯಲ್ಲಾದರೆ ಇಂಥದ್ದನ್ನು ಹಾಕುವುದಿಲ್ಲ. ನೀನೂ ನಂಬಲೇಬೇಕೆಂದಿಲ್ಲ. ನಿನ್ನ ಒಂದು ಸಾಲಿನ ಪ್ರಶ್ನೆಗೆ ಉತ್ತರ ಬರೆಯದೆ ಇದ್ದದ್ದು ಈ ಕಾರಣಕ್ಕೆ.

ಅಂಗಡಿಗಳಿಗೆ ಕಾಗದ ಬರೆದಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ಸಲಹೆಗಾರ್ತಿ ಕೇಳಿದರು. ಕಾಗದದಲ್ಲಿ ಮುಖ ಇರುವುದಿಲ್ಲ ಅಂದೆ. ನಾನು ಮಾರಲು ಹೋಗುವುದು ಹೆಸರು ಹೇಳಿಕೊಂಡಲ್ಲ, ಈ ಮುಖ ಇಟ್ಟುಕೊಂಡು. ನನ್ನ ಹತ್ತಿರ ಫೋಟೊ ಇದ್ದದ್ದು ಅದೊಂದೇ.

ಅದರಿಂದ ಆದ ಇನ್ನೊಂದು ಪರಿಣಾಮವನ್ನೂ ತಿಳಿಸಬೇಕು. ಪ್ರೆಸ್ಸಿನ ಉಗ್ರಾಣದವರು ಮಫ್ಲರ್ ಅಂಗಡಿಗೆ ಹೋಗಿದ್ದಾಗ ಅದನ್ನು ಓದಿದ್ದಾರೆ. ಮ್ಯಾನೇಜರ್ ಇಲ್ಲಿಗೆ ಬಂದಿದ್ದರು. ಒಳ್ಳೆಯ ಮನುಷ್ಯ, ನೆಲ ನೋಡಿಕೊಂಡೇ ಮಾತಾಡಿದರು. ಕೆಲಸ ತೆಗೆಯುವುದಿಲ್ಲವಂತೆ. ಬಿಡಿಭಾಗಗಳ ಕೋಣೆಯ ಕೀಲಿ ಮಾತ್ರ ಇನ್ನು ನನಗೆ ಕೊಡುವುದಿಲ್ಲವಂತೆ. ಒಂದು ಬಲ್ಬ್ ಬೇಕಾದರೂ ನಾನು ಬೇರೆಯವರನ್ನು ಕೇಳಿ ನಿಲ್ಲಬೇಕು. ಮಾಲು ಮಗಳದು ಎಂದು ನಾನೇ ಬರೆದ ಮೇಲೆ, ಪ್ರೆಸ್ಸಿನ ಮಾಲು ಪ್ರೆಸ್ಸಿನದು ಎಂದು ಅವರು ಬರೆದುಕೊಂಡರೆ ತಪ್ಪೇನಿದೆ.

ದಿನಾ ಕಾರ್ಡ್ ಬಿಚ್ಚಿ ಚೀಲದಲ್ಲಿ ಒಯ್ಯುವ ಯೋಚನೆ ಬಿಡು. ಈ ಸಲ ಕರೆಂಟಿನವನ ಮಾತು ನಿಜ. ಆ ಸ್ಲಾಟ್ ಪದೇ ಪದೇ ಬಿಚ್ಚಿ ಹಾಕಲು ಮಾಡಿದ್ದಲ್ಲ. ಸಂಪರ್ಕ ಸಡಿಲಾಗುತ್ತದೆ, ಆಟದ ನಡುವೆ ಪರದೆ ಕಪ್ಪಾಗುತ್ತದೆ. ಒಮ್ಮೆ ಕೂಡಿಸಿದರೆ ಕೂಡಿಸಿದ ಹಾಗೆ ಇರಬೇಕು.

ಆದ್ದರಿಂದ ಬಿಚ್ಚಿ ಬೇರೆ ಇಡಬೇಕಾದದ್ದು ನನ್ನನ್ನು. ಪ್ರೆಸ್ಸಿನ ಹಿಂದೆ ಕಾಗದದ ರೀಲು ಇಡುವ ಕಡೆ ಒಂದು ಕೋಣೆ ಇದೆ. ಪಾಳಿಯವರು ಮಲಗುವುದು. ಅಲ್ಲಿರುತ್ತೇನೆ ಎಂದು ಮ್ಯಾನೇಜರ್‌ಗೆ ಹೇಳಿದ್ದೇನೆ. ಆರಿಸು ಎಂದು ಅಮ್ಮ ನಿನಗೆ ಹೇಳಿದಳಲ್ಲ, ಆ ಕೆಲಸ ನಿನ್ನದಲ್ಲ. ನಿನ್ನ ತಲೆಯಿಂದ ಅದನ್ನು ಇಳಿಸಿಬಿಡು.

ಕಾರ್ಡ್ ಕೊಂಡುಕೋ. ಹದಿನೈದನೇ ತಾರೀಕು ಹತ್ತಿರ ಬಂತು.

ಅಪ್ಪ

*

ಸೆಪ್ಟೆಂಬರ್ 6

ಇವರಿಗೆ,

ನನ್ನ ಜೊತೆ ಬೆಡ್‌ಶೀಟ್ ಒಗೆಯುವವಳು ನಿಮ್ಮ ಫೋಟೊ ನೋಡಿ ಬಂದು ನನಗೆ ಹೇಳಿದಳು. ನನಗೆ ತಿಳಿದದ್ದು ಹಾಗೆ. ಮಗಳು ಹೇಳಿರಲಿಲ್ಲ.

ಹರಿದು ಹಾಕಬೇಕೆಂದೇ ಹೋದೆ. ಅಂಗಡಿಯವರು ಏನೂ ಅನ್ನದೆ ಗಾಜಿನ ಬಾಗಿಲು ತೆಗೆದುಕೊಟ್ಟರು. ಕೈ ಹಾಕಿದೆ. ನೀವು ಮಾಡಿದ್ದು ದೊಡ್ಡ ಕೆಲಸ ಅಂತ ನಾನು ಹೇಳುವುದಿಲ್ಲ. ನನಗೆ ನಾಚಿಕೆಯಾಯಿತು. ಕೆಲಸದ ಕಡೆ ಎಲ್ಲರಿಗೂ ಗೊತ್ತಾಗಿದೆ, ನನ್ನ ಮುಂದೆ ಬೇಕೆಂದೇ ಬೇರೆ ವಿಷಯ ಮಾತಾಡುತ್ತಾರೆ. ಆದರೂ ಹರಿಯಲಿಲ್ಲ. ಯಾಕೆ ಅಂತ ಕೇಳಬೇಡಿ, ನನಗೇ ಗೊತ್ತಿಲ್ಲ.

ಆ ಫೋಟೊದಲ್ಲಿ ನಾನು ನಿಮ್ಮ ಎಡಕ್ಕೆ ನಿಂತಿದ್ದೆ. ಮಗಳು ಹಿಂದೆ. ನಮ್ಮಿಬ್ಬರ ತುಂಡು ಎಲ್ಲಿದೆ? ಎಸೆದಿದ್ದರೆ ಹೇಳಿ. ಇದ್ದರೆ ಕಳಿಸಿಕೊಡಿ.

ಪ್ರೆಸ್ಸಿನಲ್ಲಿ ಇರುತ್ತೇನೆ ಅಂದಿರಂತೆ. ಇರಿ. ನಾನು ಬೇಡ ಅನ್ನುವುದಿಲ್ಲ, ಬನ್ನಿ ಅಂತಲೂ ಅನ್ನುವುದಿಲ್ಲ. ಭಾನುವಾರ ಹಗಲು ಬಂದು ಊಟ ಮಾಡಿ ಹೋಗುವುದಾದರೆ ಬಾಗಿಲು ತೆಗೆದಿರುತ್ತದೆ. ಅದಕ್ಕಿಂತ ಹೆಚ್ಚು ಈಗ ಕೇಳಬೇಡಿ.

ಬುಟ್ಟಿ ಈಗ ಇಬ್ಬರು ಎತ್ತುತ್ತೇವೆ. ನೀವೇ ಹೇಳಿಕೊಟ್ಟದ್ದು ಅಂತ ನನಗೆ ಅವತ್ತೇ ಗೊತ್ತಿತ್ತು.

ನಿಮ್ಮ ಮನೆಯವಳು

*

ಸೆಪ್ಟೆಂಬರ್ 12

ಅಳಿಲಿನ ಅಮ್ಮನ ಕೈಗೆ,

ಉಳಿದ ತುಂಡು ಇದರ ಜೊತೆ ಇದೆ. ದಿಂಬಿನ ಕೆಳಗಿಟ್ಟು ಮೂಲೆ ಸ್ವಲ್ಪ ಮುದುರಿದೆ. ನೀನು ಚೆನ್ನಾಗಿ ಬಂದಿದ್ದೀಯ. ಮಗಳ ಒಂದು ಕೈಯ ಬೆರಳು ನನ್ನ ಕಡೆಗೆ ಹೋಗಿಬಿಟ್ಟಿವೆ. ಬೇರೆ ಥರ ಕತ್ತರಿಸಲು ಬರಲಿಲ್ಲ.

ಇಲ್ಲಿಂದ ಬಿಟ್ಟ ಮೇಲೆ ಭಾನುವಾರ ಬರುತ್ತೇನೆ.

ಇವರು

*

ಸೆಪ್ಟೆಂಬರ್ 21

ಅಪ್ಪನಿಗೆ,

ಕಾರ್ಡ್ ಕೊಂಡಿದ್ದೇನೆ. ತಂಡದಲ್ಲಿ ನನ್ನ ಜಾಗ ಹೋಗಿದೆ. ಎರಡನೆಯದನ್ನು ತಿಳಿಸಿದವಳು ಕ್ಯಾಪ್ಟನ್.

ಫೋಟೊ ನೋಡಿದ ಮೇಲೆ ಆ ಅಂಗಡಿಗೆ ಕಾಲಿಡಲು ಆಗಲಿಲ್ಲ. ಬೇರೆ ಅಂಗಡಿಗಳಲ್ಲಿ ಅಷ್ಟಕ್ಕೆ ಸಿಗುವ ಕಾರ್ಡ್ ಇರಲಿಲ್ಲ. ಹಾಗೇ ಹದಿನೈದನೇ ತಾರೀಕು ಕಳೆಯಿತು. ಕ್ಯಾಪ್ಟನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆರನೆಯವಳಾಗಿ ಇರು, ಯಾರಿಗಾದರೂ ಹುಷಾರು ತಪ್ಪಿದರೆ ಕರೆಯುತ್ತೇನೆ ಅಂದಳು. ಐದೂ ಜನ ಗಟ್ಟಿಮುಟ್ಟಾಗಿದ್ದಾರೆ. ಒಬ್ಬಳಿಗೆ ಸ್ವಲ್ಪ ಶೀತ ಇದೆ. ಈ ಸಲ ಅಳುವ ಭಾಗವೂ ಇತ್ತು. ಅದು ಮುಗಿದಿದೆ.

ಶನಿವಾರ ಮಫ್ಲರ್ ಅಂಗಡಿಗೆ ಹೋದೆ. ಕಾರ್ಡನ್ನು ಅವರು ಯಾರಿಗೂ ಕೊಡದೆ ಒಳಗೆ ಎತ್ತಿಟ್ಟಿದ್ದರು. ಪೆಟ್ಟಿಗೆ ಕಟ್ಟಿ ಕೊಡುತ್ತಾ, ಮಾಲು ನಿನ್ನ ಕೈ ಸೇರಿತಲ್ಲ, ಇನ್ನು ಫೋಟೊ ತೆಗೆದುಬಿಡಲಾ ಎಂದು ಕೇಳಿದರು. ನೋಡಿಕೊಂಡು ನಿಂತೆ. ಬಿಸಿಲಿಗೆ ನಿಮ್ಮ ಮುಖದ ಬಣ್ಣ ಸ್ವಲ್ಪ ಹೋಗಿದೆ. ಅಕ್ಷರ ಹಾಗೇ ಇವೆ. ಬೇಡ, ಇರಲಿ ಅಂದೆ. ಅದು ನಿಮಗೆ ನೋವಾಗಬಹುದು. ಆದರೂ ಮುಚ್ಚಿಡುವುದು ಬೇಡ ಎಂದು ಬರೆಯುತ್ತಿದ್ದೇನೆ.

ಮನೆಗೆ ಬಂದಾಗ ಅಮ್ಮ ಕ್ಯಾಬಿನೆಟ್ಟಿನಿಂದ ಕ್ಲಿಪ್ಪು, ಪಾಲಿಶ್ ಎಲ್ಲ ತೆಗೆದು ಬಕೆಟ್ಟಿಗೆ ಹಾಕಿದ್ದಳು. ಬ್ರಷ್ ಹಿಡಿದು ಒಳಗಿನ ಧೂಳು ಹೊಡೆಯುತ್ತಿದ್ದಳು. "ಧೂಳು ನಿಜವಾಗ್ಲೂ ಇತ್ತು ಕಣೇ" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಕಾರ್ಡನ್ನು ನನ್ನ ಕೈಯಿಂದ ಇಸಿದುಕೊಂಡು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನೀವು ಕಳಿಸಿದ ತುಂಡೂ ಅದೇ ಬೀರುವಿನಲ್ಲಿದೆ.

ಚಿಕ್ಕದೊಂದು ಡಿಸ್ಕನ್ನೂ ಕೊಂಡು ಉಳಿದ ಭಾಗಗಳನ್ನೆಲ್ಲ ನಾನೇ ಜೋಡಿಸಿದ್ದೇನೆ. ಕಂಪ್ಯೂಟರ್ ಕಾರ್ಡ್ ಇಲ್ಲದೆಯೂ ನಡೆಯುತ್ತದೆ, ನೀವು ಆರಿಸಿದ ಪ್ರೊಸೆಸರ್‌ನಿಂದಾಗಿ. ಆಟ ಮಾತ್ರ ಆಮೆಯ ಹಾಗೆ. ಕಾರ್ಡ್ ಕೂಡಿಸಲು ನನಗೆ ಬರುತ್ತದೆ. ಆದರೂ ಕೂಡಿಸಿಲ್ಲ.

ನಿಮ್ಮನ್ನು ಹತ್ತನೇ ತಾರೀಕು ಬಿಡುತ್ತಾರೆ. ಅವತ್ತು ಪ್ರೆಸ್ಸಿಗೆ ಹೋಗಿ. ಹನ್ನೊಂದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಮನೆಗೆ ಬನ್ನಿ. ಬೀರುವಿನ ಕೀಲಿ ಅಮ್ಮನ ಹತ್ತಿರ ಇರುತ್ತದೆ, ಸ್ಕ್ರೂಡ್ರೈವರ್ ನನ್ನ ಹತ್ತಿರ. ನೀವು ಏನೂ ತರಬೇಡಿ. ಊಟಕ್ಕೆ ಮೊದಲು ಕಾರ್ಡ್ ಕೂಡಿಸುತ್ತೇವೆ. ಪ್ರೆಸ್ಸಿನ ಕಡೆಗೆ ವಾಪಸು ಬಸ್ಸು ಸಂಜೆ ಐದೂವರೆಗೆ.

ಅಳಿಲು